ಕಿವಿಚಾಪೆ

ಹೊನ್ನಕುಪ್ಪದಲ್ಲಿ ಆ ವರ್ಷ ಜನರೆಲ್ಲ ತಮ್ಮ ತಮ್ಮ ಮೂಳೆಯ ಸದ್ದು ಕೇಳಿಕೊಂಡು ಮಲಗುತ್ತಿದ್ದರು. ಬೇರೆ ಊರಿನವರಿಗೆ ಇದು ಹುಚ್ಚಾಟದಂತೆ ಕಾಣಬಹುದು. ನಮಗೇನೂ ಹಾಗನ್ನಿಸಲಿಲ್ಲ. ಚಿನ್ನದ ಗಣಿ ಮುಚ್ಚುವವರೆಗೂ ಕಾಲಡಿಯ ಬಂಡೆಗೆ ಕಿವಿಕೊಟ್ಟೇ ನಿದ್ದೆ ಮಾಡಿದ ಊರು ನಮ್ಮದು. ಬಂಡೆಯ ಜಾಗಕ್ಕೆ ಮೂಳೆ ಬಂತು, ಅಷ್ಟೇ.

ಮಂಜುಜ್ವರ ಬಂದು ಹೋದ ಮೇಲಿನ ಮಾತು ಇದು. ಗಂಟಲಲ್ಲಿ ಶುರುವಾಗಿ ಎದೆಗೆ ಇಳಿಯುವ ಜ್ವರ. ಕೆಮ್ಮು, ದಮ್ಮು, ಒಂದಷ್ಟು ದಿನದ ನರಳಾಟ. ಆಮೇಲೆ ಎದೆ ತಿಳಿಯಾಗಿ, ಜನ ಎದ್ದು ಕೂತು, ಬಿಸಿ ಸಾರು ಕುಡಿದು, ಬದುಕಿಕೊಂಡೆವು ಎಂದು ನಿಟ್ಟುಸಿರು ಬಿಡುತ್ತಿದ್ದರು. ಕೆಲವು ತಿಂಗಳು ಕಳೆದ ಮೇಲೆ ಒಬ್ಬೊಬ್ಬರದೇ ಮೂಳೆ ಮುರಿಯತೊಡಗಿತು. ಸೀನಿದರೆ ಪಕ್ಕೆಲುಬು, ಬಿಂದಿಗೆ ಎತ್ತಿದರೆ ಮಣಿಕಟ್ಟು. ಎದೆಯ ಕಾಯಿಲೆಗೂ ಕಾಲಿನ ಮೂಳೆಗೂ ಏನು ನಂಟು ಎಂದು ಊರೆಲ್ಲ ತಲೆ ಕೆರೆದುಕೊಂಡಿತು.

ನಂಟು ಇತ್ತು. ವೈರಸ್ಸು ಶ್ವಾಸಕೋಶ ಬಿಟ್ಟು ಕದಲುತ್ತಿರಲಿಲ್ಲ. ಆದರೆ ಅದನ್ನು ಓಡಿಸಲು ದೇಹ ಹಾಕಿದ ಕೂಗು ರಕ್ತದಲ್ಲಿ ತೇಲಿಕೊಂಡು ಮೂಳೆಯ ಒಳಗೂ ಹೋಗಿ ಮುಟ್ಟುತ್ತಿತ್ತು. ಮೂಳೆಯಲ್ಲಿ ಎರಡು ಬಗೆಯ ಜೀವಕೋಶಗಳು ಬದುಕಿಡೀ ದುಡಿಯುತ್ತವೆ. ಒಂದು ಬಗೆ ಹಳೆಯ ಮೂಳೆಯನ್ನು ತಿನ್ನುತ್ತದೆ, ಇನ್ನೊಂದು ಹೊಸದನ್ನು ಕಟ್ಟುತ್ತದೆ. ಜ್ವರದ ಕೂಗು ಕೇಳಿ ಈ ಇಬ್ಬರ ಹೊಂದಾಣಿಕೆ ತಪ್ಪುತ್ತಿತ್ತು. ಜ್ವರ ಇಳಿದ ಮೇಲೂ, ಜಗಳ ಮುಗಿಯಿತು ಎಂದು ಅವರಿಗೆ ಯಾರೂ ಹೇಳಿ ಕಳಿಸುತ್ತಿರಲಿಲ್ಲ.

ಆಗ ಸುಗುಣಾ ಒಂದು ಪ್ರಶ್ನೆ ಎತ್ತಿದಳು. ಮುರಿಯುವ ಮೊದಲು ಮೂಳೆ ಸದ್ದು ಮಾಡುವುದಾದರೆ ನಾವು ಅದನ್ನು ಕೇಳಬಹುದಲ್ಲ?

ಅವಳ ತಲೆಗೆ ಈ ಪ್ರಶ್ನೆ ಬಂದದ್ದರಲ್ಲಿ ಅಚ್ಚರಿಯಿಲ್ಲ. ಅವಳು ನಮ್ಮ ಕೆಳಬೀದಿಯ ಹುಡುಗಿ, ಗಣಿಯೊಳಗೆ ಬಂಡೆಗೆ ಮರದ ಕಂಬ ಆನಿಸುವ ಕೆಲಸ ಮಾಡುತ್ತಿದ್ದ ಮುನಿಸ್ವಾಮಿಯ ಮಗಳು. ಗಣಿಯವರ ಮನೆಗಳಲ್ಲಿ ಮಕ್ಕಳಿಗೆ ನಡೆಯಲು ಬರುವ ಮೊದಲೇ ಒಂದು ವಿಷಯ ಗೊತ್ತಿರುತ್ತದೆ. ಬಂಡೆ ಚಟಪಟ ಅಂದರೆ ಓಡಬೇಕು, ಸುಮ್ಮನಿದ್ದರೆ ಬುತ್ತಿ ಬಿಚ್ಚಿ ಉಣ್ಣಬಹುದು. ಸುಗುಣಾ ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಗಣಿಯ ಸೈರನ್ ಕೂಗಿತು. ಕೆಳಬೀದಿಯ ಹೆಂಗಸರೆಲ್ಲ ಬರಿಗಾಲಲ್ಲಿ ಗಣಿಯ ಬಾಯಿಗೆ ಓಡಿದರು. ಮುನಿಸ್ವಾಮಿ ಮೇಲೆ ಬರಲಿಲ್ಲ. ಸುಗುಣಾ ದೊಡ್ಡವಳಾಗಿ ಓದಿ ವಿಜ್ಞಾನಿಯಾದದ್ದೇ ಬಂಡೆಯ ಸದ್ದನ್ನು ಮುಂಚೆಯೇ ಹಿಡಿಯುವ ಯಂತ್ರ ಮಾಡಲೆಂದು. ಅವಳು ಯಂತ್ರ ಮುಗಿಸುವ ಹೊತ್ತಿಗೆ ಗಣಿಯೇ ಮುಚ್ಚಿತ್ತು.

ಯಂತ್ರ ಮಾತ್ರ ಉಳಿದಿತ್ತು. ಗಣಿಯ ಒಂದು ಒಣ ಸುರಂಗವನ್ನು ಸರ್ಕಾರ ಸಣ್ಣ ಸದ್ದುಗಳನ್ನು ಆಲಿಸುವ ಕೇಂದ್ರ ಮಾಡಿತ್ತು. ಕಬ್ಬಿಣದ ಪಂಜರದಲ್ಲಿ ನಿಂತು ಕೆಳಗಿಳಿದರೆ ಊರು, ಬಸ್ಸು, ಗಾಳಿ, ಕಾಗೆ ಎಲ್ಲವೂ ಒಂದೊಂದಾಗಿ ಮೇಲೆ ಉಳಿದುಬಿಡುತ್ತಿದ್ದವು. ಕೊನೆಗೆ ನಮ್ಮ ರಕ್ತ ಹರಿಯುವುದು ನಮಗೇ ಕೇಳುವಂಥ ನಿಶ್ಶಬ್ದ. ಅಲ್ಲಿ ಸುಗುಣಾ ಹಳೆಯ ಯಂತ್ರದ ಸೂಕ್ಷ್ಮ ಕಿವಿಗಳನ್ನು ಒಂದು ಚಾಪೆಯೊಳಗೆ ಹೊಲಿದು ಅದರ ಮೇಲೆ ತಾನೇ ಮಲಗಿದಳು. ಕೇಳಿಸಿತು. ತೀರ ಸಣ್ಣ ಸದ್ದು, ಇರುವೆಗಳು ಕಾಗದದ ಮೇಲೆ ನಡೆದಂತೆ. ಅದು ಅವಳ ತೊಡೆಯ ಮೂಳೆ. ಅವಳಿಗೆ ಅಳು ಬಂತು.

ಇಷ್ಟು ಸದ್ದು ಅಪಾಯ, ಇಷ್ಟು ಸದ್ದು ಸುರಕ್ಷಿತ ಎಂದು ಹೇಳಲು ಒಂದು ಅಳತೆ ಬೇಕಲ್ಲ. ಮೆಡಿಕಲ್ ಕಾಲೇಜಿನಿಂದ ದಾನಕ್ಕೆ ಬಂದ ಮೂಳೆಗಳನ್ನು ತರಿಸಿ, ಇಕ್ಕಳದಲ್ಲಿ ಸಿಕ್ಕಿಸಿ, ಮುರಿಯುವವರೆಗೂ ಒತ್ತಿ ಆಲಿಸಿದರು. ಮೊದಲು ಮೌನ, ಆಮೇಲೆ ಚಿಟ್, ಚಿಟ್, ಆಮೇಲೆ ಸದ್ದಿನ ಸುರಿಮಳೆ, ಕೊನೆಗೆ ಲಟಕ್. ಥೇಟ್ ಬಂಡೆಯ ಹಾಗೆಯೇ. ಸದ್ದು ಹೆಚ್ಚಿದ್ದರೆ ಕೆಂಪು ದೀಪ, ಸದ್ದಿಲ್ಲದಿದ್ದರೆ ಹಸಿರು. ಇದರಲ್ಲಿ ಅನುಮಾನ ಪಡುವಂಥದ್ದು ಏನೂ ಯಾರಿಗೂ ಕಾಣಲಿಲ್ಲ.

ಮುಂದಿನ ಬೇಸಿಗೆಗೆ ಮನೆಮನೆಗೂ ಚಾಪೆ ಬಂತು. ಸಂತೆಯ ಗದ್ದಲದಲ್ಲೂ ತಾಯಿ ತನ್ನ ಮಗುವಿನ ಅಳು ಗುರುತಿಸುವ ಹಾಗೆ ಅದು ಊರ ಸದ್ದನ್ನೆಲ್ಲ ಬಿಟ್ಟು ಮೂಳೆಯದನ್ನು ಮಾತ್ರ ಹಿಡಿಯುತ್ತಿತ್ತು. ಕೆಂಪು ದೀಪ ಹತ್ತಿದಾಗ ಚಾಪೆ ಯಾವ ದನಿಯಲ್ಲಿ ಕೂಗಬೇಕು ಎಂದು ಸಭೆ ಕರೆದು ಕೇಳಿದಾಗ ನಮ್ಮ ಹಿರಿಯರು ಒಕ್ಕೊರಲಿನಿಂದ ಗಣಿಯ ಸೈರನ್ನೇ ಇರಲಿ ಎಂದರು. ಬೇರೆ ಯಾವ ಸದ್ದಿಗೂ ನಮ್ಮ ಜನ ಏಳುವುದಿಲ್ಲವಂತೆ. ಇಂಥ ಬುದ್ಧಿ ನಮ್ಮೂರಿಗಲ್ಲದೆ ಇನ್ಯಾರಿಗೆ ಬಂದೀತು!

ಕೆಳಬೀದಿಯಲ್ಲಿ ಮೊದಲು ಕೂಗಿದ್ದು ತಮಟೆ ಪಿಳ್ಳಪ್ಪನ ಚಾಪೆ. ಪಿಳ್ಳಪ್ಪ ಮದುವೆಗೂ ಸಾವಿಗೂ ತಮಟೆ ಬಾರಿಸುವವನು, ಬಾರಿಸುತ್ತಲೇ ಕುಣಿಯುವವನು. ಜ್ವರ ಬಿಟ್ಟು ತಿಂಗಳಾಗುವಷ್ಟರಲ್ಲೇ ಅಂಗಳದಲ್ಲಿ ಹೆಜ್ಜೆ ಹಾಕತೊಡಗಿದ್ದ. ಅವನು ಮಲಗಿದ ಕೂಡಲೇ ಬೀದಿಯೆಲ್ಲ ಬೆಚ್ಚಿಬೀಳುವಂತೆ ಸೈರನ್ ಮೊಳಗಿತು. ಸುಗುಣಾ ಹೋಗಿ ಅವನ ಸದ್ದು ಕೇಳಿದಳು. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗಿತ್ತು.

"ಪಿಳ್ಳಪ್ಪಣ್ಣ, ಇನ್ಮೇಲೆ ಕುಣಿಯಂಗಿಲ್ಲ. ಮಂಚ ಬಿಟ್ಟು ಇಳೀಬೇಡ."

"ಏನ್ ಸುಗುಣಮ್ಮ ಇಂಗಂತೀಯ? ಚೆನ್ನಾಗೇ ಅವ್ನಿ ಕಣಮ್ಮ ನಾನು."

"ಒಳಗೆ ಬಿರುಕು ಬಿಡ್ತೈತೆ. ನಿನಗೆ ಗೊತ್ತಾಗಲ್ಲ."

ಪಿಳ್ಳಪ್ಪ ತಮಟೆಯನ್ನು ಗೋಡೆಗೆ ತೂಗುಹಾಕಿ ಮಂಚ ಹತ್ತಿದ. ಅವನ ಮಗಳು ಜಯಂತಿ, ಬಾಣಂತನಕ್ಕೆ ಬಂದವಳು, ಒಂದು ಕಡೆ ಕೂಸು, ಇನ್ನೊಂದು ಕಡೆ ಅಪ್ಪ ಎಂದು ಇಬ್ಬರ ಚಾಕರಿಯನ್ನೂ ಮಾಡುತ್ತ ಗೊಣಗಿದಳು.

ಸುಗುಣಾಳ ಸ್ವಂತ ಮನೆಯಲ್ಲಿ ಮಾತ್ರ ಚಾಪೆ ಆಗೆಲ್ಲ ಒಮ್ಮೆಯೂ ಕೂಗಲಿಲ್ಲ. ಅವಳ ತಾಯಿ ಪಾಪಮ್ಮನಿಗೆ ಜ್ವರ ಎಲ್ಲರಿಗಿಂತ ಜೋರಾಗಿಯೇ ಬಂದಿತ್ತು. ಆಸ್ಪತ್ರೆಯಲ್ಲಿ ಉಸಿರಿನ ಕೊಳವೆ ಹಾಕಿಸಿಕೊಂಡು ಮಲಗಿ ಎದ್ದು ಬಂದವಳು. ಅಂಥವಳು ಚಾಪೆಯ ಮೇಲೆ ಮಲಗಿದರೆ ಹಸಿರು ದೀಪ, ಮೇಲಿಂದ ಮೇಲೆ ಹಸಿರು. ದಿನಾ ಬೆಳಿಗ್ಗೆ ಆ ದೀಪ ನೋಡಿ ಸುಗುಣಾಳ ಎದೆ ತಣ್ಣಗಾಗುತ್ತಿತ್ತು.

"ನಿನ್ನ ಮೂಳೆ ಬಂಡೆ ಕಣಮ್ಮ," ಎಂದು ಅವಳು ತಾಯಿಯ ಕೆನ್ನೆ ಹಿಂಡುತ್ತಿದ್ದಳು.

"ಅದೇನು ಬಂಡೇನೋ. ನಂಗೆ ಕಾಲೇ ಇಲ್ದಂಗೆ ಐತೆ. ಗಾಳೀಲಿ ಹತ್ತಿ ತೇಲ್ದಂಗೆ."

"ಸುಸ್ತು ಕಣಮ್ಮ. ಸುಮ್ನೆ ಮಲಕ್ಕೋ. ಏನೂ ಕೆಲ್ಸ ಮಾಡ್ಬೇಡ."

ಪಾಪಮ್ಮ ಸುಮ್ಮನೆ ಮಲಗಿದಳು. ಮೊದಲೆಲ್ಲ ಸಂಜೆಯಾದರೆ ಗಣಿಮಣ್ಣಿನ ದಿಬ್ಬ ಹತ್ತಿ ಬರುವ ಅಭ್ಯಾಸ ಅವಳಿಗಿತ್ತು. ದಿಬ್ಬದ ಮೇಲೆ ನಿಂತರೆ ಗಂಡ ಇಳಿದುಹೋದ ಗಣಿಯ ಬಾಯಿ ಕಾಣುತ್ತಿತ್ತು. ಈಗ ಅದೂ ನಿಂತಿತು.

ಕೇಂದ್ರಕ್ಕೆ ದೂರುಗಳು ಬರುತ್ತಿದ್ದವು. ಹೆಚ್ಚಿನವು ಕೂಸುಗಳ ಮೇಲೆ. ಚಾಪೆ ಮೆತ್ತಗಿದೆ ಎಂದು ತಾಯಂದಿರು ಮಕ್ಕಳನ್ನು ಅದರ ಮೇಲೆ ಮಲಗಿಸುವುದು, ಸೈರನ್ ಕೂಗುವುದು, ಕೂಸು ಕಿಟಾರೆಂದು ಅರಚುವುದು, ಅಜ್ಜಿಯರು ಬಾಗಿಲಿಗೆ ಓಡುವುದು. ಸುಗುಣಾಳ ಜೊತೆ ಕೆಲಸ ಮಾಡುತ್ತಿದ್ದ ಇಂಜಿನಿಯರ್ ಇಮ್ತಿಯಾಜ್ ನಗುನಗುತ್ತಲೇ ದೂರು ಬರುವ ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದ.

"ಮೇಡಂ, ಕೂಸುಗಳು ಕೈಕಾಲು ಆಡಿಸ್ತಾವೆ. ಅದನ್ನೇ ಚಾಪೆ ಬಿರುಕು ಅಂದ್ಕೊಳ್ತಾ ಇದೆ."

"ಮಕ್ಕಳನ್ನ ಮಲಗಿಸಬೇಡಿ ಅಂತ ಚಾಪೆ ಮೇಲೆ ಬರೆಸಿಬಿಡು," ಎಂದಳು ಸುಗುಣಾ.

ಬರೆಸಿದರು. ದೂರು ನಿಂತವು. ಅಲ್ಲಿಗೆ ಎಲ್ಲರೂ ನೆಮ್ಮದಿಯಾಗಿ ಚಹಾ ಕುಡಿದರು.

ಆ ದಿನಗಳಲ್ಲೇ ಪಾಪಮ್ಮನಿಗೆ ಕನಸು ಶುರುವಾದದ್ದು. ಮುಂಜಾನೆ ಕಾಫಿ ಲೋಟ ಹಿಡಿದುಕೊಂಡು ಅವಳು ಮಗಳಿಗೆ ಹೇಳಿದಳು.

"ನಿಮ್ಮಪ್ಪ ಬಂದಿದ್ರು. ಈ ಮನೇಲಿ ತುಂಬಾ ಕಂಬ ಐತೆ ಕಣೆ, ಕನಸಲ್ಲಿ. ಒಂದೊಂದೇ ಕಂಬ ಬಿಚ್ಕೊಂಡು ಹೆಗಲ ಮೇಲಿಟ್ಕೊಂಡು ಹೋಗ್ತಾರೆ. ಸ್ವಲ್ಪಾನೂ ಸದ್ದಾಗಲ್ಲ. ನನ್ನ ನಿದ್ದೆ ಕೆಡಬಾರ್ದು ಅಂತ ತುದಿಗಾಲಲ್ಲಿ ನಡೀತಾರೆ."

"ನೀನು ಏನೂ ಕೇಳಲ್ವಾ?"

"ಎಲ್ಲಿಗೆ ತಗೊಂಡು ಹೋಗ್ತೀರ ಅಂದೆ. ಬೇರೆ ಕಡೆ ಬೇಕಾಗೈತೆ, ನೀನು ಮಲಕ್ಕೋ ಅಂದ್ರು. ಅಷ್ಟು ಮೆತ್ತಗೆ ಅವರು ಯಾವತ್ತೂ ಮಾತಾಡಿದ್ದಿಲ್ಲ."

ಪಾಪಮ್ಮನ ಮುಖದಲ್ಲಿ ಮದುವಣಗಿತ್ತಿಯ ನಾಚಿಕೆಯಿತ್ತು. ಸುಗುಣಾ ನಕ್ಕು ಕೆಲಸಕ್ಕೆ ಹೊರಟಳು. ಪಂಜರದಲ್ಲಿ ಇಳಿಯುವಾಗಲೂ ಅಪ್ಪ ತುದಿಗಾಲಲ್ಲಿ ನಡೆಯುವುದೇ ಅವಳ ಕಣ್ಣ ಮುಂದೆ ಇತ್ತು. ತನಗೂ ಆ ಕನಸು ಬೀಳಬಾರದೇ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ಮಳೆಗಾಲ ಹತ್ತಿರವಾದಾಗ ಪಿಳ್ಳಪ್ಪನ ದೀಪ ಹಸಿರಾಯಿತು. ಸಾಸಿವೆ ಸಿಡಿಯುವುದು ವಾರದಿಂದ ವಾರಕ್ಕೆ ಕಡಿಮೆಯಾಗುತ್ತ ಬಂದು, ಕೊನೆಗೆ ಚಾಪೆ ತೆಪ್ಪಗಾಗಿಬಿಟ್ಟಿತು. ಕೇಂದ್ರದಲ್ಲಿ ಇಮ್ತಿಯಾಜ್ ಎಲ್ಲರಿಗೂ ಜಿಲೇಬಿ ಹಂಚಿದ. ಚಾಪೆಯಿಂದ ಗುಣವಾದ ಮೊದಲ ಮನುಷ್ಯ ಎಂದು ಪಿಳ್ಳಪ್ಪನ ಫೋಟೋ ಗೋಡೆಗೆ ಬಂತು. ಸುಗುಣಾ ತಾನೇ ಹೋಗಿ ಅವನನ್ನು ಮಂಚದಿಂದ ಇಳಿಸಿದಳು.

ಪಿಳ್ಳಪ್ಪ ಗೋಡೆಯಿಂದ ತಮಟೆ ತೆಗೆದ. ಜಯಂತಿ ಅಂಗಳದಲ್ಲಿ ಒಂದಿಷ್ಟು ಹುಲ್ಲಿಗೆ ಬೆಂಕಿ ಕೊಟ್ಟಳು. ತಮಟೆಯ ಚರ್ಮ ಕಾಯಿಸಿ ಬಿಗಿ ಮಾಡಿಕೊಂಡು, ಒಂದು ಸಲ ಬೆರಳಾಡಿಸಿ, ಅವನು ಬೀದಿಗೆ ಇಳಿಯಲು ಚರಂಡಿಯ ಮೇಲಿನ ಚಪ್ಪಡಿಯಿಂದ ಕಾಲು ಕೆಳಗಿಟ್ಟ. ಗೇಣುದ್ದದ ಇಳಿತ. ಲಟಕ್ ಎಂದ ಸದ್ದು ಬೀದಿಯಲ್ಲಿ ನಿಂತವರಿಗೆಲ್ಲ ಕೇಳಿತು. ತಮಟೆ ಉರುಳಿಕೊಂಡು ಹೋಗಿ ಎದುರು ಮನೆಯ ಮೆಟ್ಟಿಲಿಗೆ ತಾಗಿ ಬಿತ್ತು.

"ನೀನು ಗುಣ ಆಗೈತೆ ಅಂದ್ಯಲ್ಲ ಸುಗುಣಮ್ಮ," ಎಂದು ಪಿಳ್ಳಪ್ಪ ನೆಲದಲ್ಲಿ ಬಿದ್ದುಕೊಂಡೇ ಕೇಳಿದ. ಅವನಿಗೆ ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗಿರಲಿಲ್ಲ. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು.

ಸುಗುಣಾ ಅವನನ್ನು ಆಸ್ಪತ್ರೆಗೆ ಸೇರಿಸಿ ನೇರವಾಗಿ ಸುರಂಗಕ್ಕೆ ಇಳಿದಳು. ಚಾಪೆ ಕೇಂದ್ರಕ್ಕೆ ಕಳಿಸಿಟ್ಟಿದ್ದ ಪಿಳ್ಳಪ್ಪನ ಸದ್ದುಗಳನ್ನೆಲ್ಲ ಮೊದಲಿನಿಂದ ಹಾಕಿ ಕೇಳಿದಳು. ಕುಣಿಯುತ್ತಿದ್ದಾಗ ಸಾಸಿವೆ ಸಿಡಿತ. ಮಲಗಿದ ಮೇಲೆ ಇಳಿತ, ಇಳಿತ, ಮೌನ. ಆ ಮೌನದಲ್ಲಿ ಮುರಿದದ್ದು ಏಕೆ? ಕುಣಿದಾಗ ಮುರಿಯದ ಮೂಳೆ ಕಾಲಿಟ್ಟಾಗ ಮುರಿದದ್ದು ಏಕೆ?

ಮೂಲೆಯ ಮೇಜಿನ ಮೇಲೆ ಆ ಹಳೆಯ ಇಕ್ಕಳ ಇತ್ತು. ಅದರ ಹಲ್ಲುಗಳಲ್ಲಿ ಯಾರದೋ ಮೂಳೆಯ ಬಿಳಿ ಪುಡಿ ಇನ್ನೂ ಸಿಕ್ಕಿಕೊಂಡಿತ್ತು. ಅದನ್ನು ನೋಡುತ್ತ ಕೂತವಳಿಗೆ ಹೊಳೆಯಿತು. ನಾವು ಅಳತೆ ಮಾಡಿದ್ದು ಸತ್ತ ಮೂಳೆಯನ್ನು. ಸತ್ತ ಮೂಳೆಗೆ ಮುರಿಯುವುದೊಂದೇ ಗೊತ್ತು. ಕಟ್ಟುವುದು ಅದಕ್ಕೆ ಗೊತ್ತಿಲ್ಲ.

"ಇಮ್ತಿಯಾಜ್, ಆ ಕೂಸುಗಳ ದೂರು ಇತ್ತಲ್ಲ, ಎಲ್ಲ ಕೂಸೂ ಎದ್ದು ಆಡ್ತಾ ಇದ್ದವಾ?"

ಇಮ್ತಿಯಾಜ್ ತೆಗೆದು ನೋಡಿದ. ಅವನ ನಗು ನಿಂತುಹೋಯಿತು. "ಇಲ್ಲ ಮೇಡಂ. ಹೆಚ್ಚಿನವು ನಿದ್ದೆ ಮಾಡ್ತಿದ್ವಂತೆ."

ಮಾರನೆಯ ಬೆಳಿಗ್ಗೆ ಅವಳು ಜಯಂತಿಯನ್ನೂ ಅವಳ ಕೂಸು ಚುಕ್ಕಿಯನ್ನೂ ಕರೆದುಕೊಂಡು ಪಂಜರ ಹತ್ತಿದಳು. ನಮ್ಮೂರಿನ ಹೆಂಗಸರು ಗಣಿಯ ಬಾಯಿಯವರೆಗೆ ಹೋಗಿದ್ದಾರೆ, ಒಳಗೆ ಹೋದವರು ಕಡಿಮೆ. ಜಯಂತಿ ಕೂಸನ್ನು ಅವುಚಿಕೊಂಡು ಕಣ್ಣುಮುಚ್ಚಿದ್ದಳು. ಸುರಂಗದಲ್ಲಿ ಇಮ್ತಿಯಾಜ್ ದೀಪ ಆರಿಸಿದ. ಹಾಲು ಕುಡಿದು ನಿದ್ದೆ ಹೋದ ಚುಕ್ಕಿಯನ್ನು ಚಾಪೆಯ ಮೇಲೆ ಮೆಲ್ಲಗೆ ಮಲಗಿಸಿ, ಸುಗುಣಾ ಸೈರನ್ ಬಂದ್ ಮಾಡಿ, ಸ್ಪೀಕರ್ ಹಾಕಿದಳು.

ಕತ್ತಲೆಯ ತುಂಬ ಆಲಿಕಲ್ಲು ಸುರಿಯಿತು. ತಗಡಿನ ಮೇಲೆ, ಬಂಡೆಯ ಮೇಲೆ, ಎಲ್ಲ ಕಡೆಯಿಂದಲೂ. ಕೂಸು ಮಾತ್ರ ಅಲುಗಾಡದೆ, ಬಾಯಿ ಅರ್ಧ ತೆರೆದು, ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು.

"ಇದೇನಕ್ಕ, ಮೇಲೆ ಮಳೆನಾ?" ಎಂದು ಜಯಂತಿ ಪಿಸುಗುಟ್ಟಿದಳು.

"ಅಲ್ಲ ಕಣೆ," ಎಂದಳು ಸುಗುಣಾ. "ಚುಕ್ಕಿ ಬೆಳೀತಾ ಅವ್ಳೆ."

ಮೂವರು ದೊಡ್ಡವರೂ ಕತ್ತಲಲ್ಲಿ ಕೂತು ಅದನ್ನು ಕೇಳಿದರು. ನಿಲ್ಲಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಆಮೇಲಿನ ಲೆಕ್ಕ ಸುಲಭವಾಗಿತ್ತು. ಕಟ್ಟುವ ಜೀವಕೋಶಗಳು ಹೊಸ ಸುಣ್ಣ ಬಳಿಯುತ್ತವೆ. ಹಸಿ ಗಾರೆ ಒಣಗುವಾಗ ಗೋಡೆ ಚಿಟಚಿಟ ಅನ್ನುವ ಹಾಗೆ ಅದು ಗಟ್ಟಿಯಾಗುತ್ತ ಸದ್ದು ಮಾಡುತ್ತದೆ. ತಿನ್ನುವ ಜೀವಕೋಶಗಳು ಕಡಿಯುವುದಿಲ್ಲ, ಕರಗಿಸುತ್ತವೆ. ನೀರಿಗೆ ಹಾಕಿದ ಬೆಲ್ಲದ ಚೂರಿನ ಹಾಗೆ. ಕರಗುವುದಕ್ಕೆ ಸದ್ದೇ ಇಲ್ಲ. ಜ್ವರ ಕಟ್ಟುವವರನ್ನು ನಿದ್ದೆಗೆ ಕೆಡವಿತ್ತು. ಪಿಳ್ಳಪ್ಪ ಕುಣಿದು ಕುಣಿದು ಅವರನ್ನು ಎಬ್ಬಿಸಿಕೊಂಡಿದ್ದ. ನಾವು ಅವನನ್ನು ಮಲಗಿಸಿ ಮತ್ತೆ ಅವರಿಗೆ ಜೋಗುಳ ಹಾಡಿದೆವು.

ಕೆಂಪು ಹತ್ತಿದವರು ಗುಣವಾಗುತ್ತಿದ್ದರು. ಹಸಿರು ಹತ್ತಿದವರು ಕರಗುತ್ತಿದ್ದರು. ಊರಿನಲ್ಲೆಲ್ಲ ಅತ್ಯಂತ ಹಸಿರಾದ ದೀಪ ಯಾರ ಮನೆಯದು ಎಂದು ಸುಗುಣಾಳಿಗೆ ಕಂಪ್ಯೂಟರ್ ನೋಡದೆಯೂ ಗೊತ್ತಿತ್ತು. ಆದರೂ ತಾಯಿಯ ಸದ್ದನ್ನು ಸೋಸದೆ ಹಾಗೆಯೇ ಸ್ಪೀಕರಿಗೆ ಹಾಕಿದಳು. ಉಸಿರು ಕೇಳಿತು, ಎದೆಬಡಿತ ಕೇಳಿತು. ಅವುಗಳ ಹಿಂದೆ ಏನೂ ಇರಲಿಲ್ಲ.

ಅವಳು ಮನೆಗೆ ಬಂದಾಗ ಪಾಪಮ್ಮ ಕಿಟಕಿಯ ಬಿಸಿಲಲ್ಲಿ ಮಲಗಿದ್ದಳು. ಸುಗುಣಾ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

"ಅಂದ್ರೆ ನಂದು ಸದ್ದೇ ಇಲ್ವಾ?"

"ಇಲ್ಲಮ್ಮ."

"ಈಗ ಏನ್ಮಾಡ್ಬೇಕಂತೆ?"

"ಎದ್ದು ನಿಂತ್ಕೋಬೇಕು. ಇವತ್ತು ಸ್ವಲ್ಪ, ನಾಳೆ ಸ್ವಲ್ಪ. ಮೈಭಾರ ಕಾಲ ಮೇಲೆ ಬೀಳ್ಬೇಕು. ಡಾಕ್ಟರು ಸೂಜಿಮದ್ದೂ ಕೊಡ್ತಾರೆ. ಹುಷಾರಾಗಿ ಮಾಡ್ದಿದ್ರೆ ಮುರೀತೈತೆ. ಮಾಡ್ದೇ ಇದ್ರೆ ಇನ್ನೂ ಬೇಗ ಮುರೀತೈತೆ."

ಪಾಪಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮಗಳ ಕಡೆ ನೋಡದೆ, "ನಾನು ಎದ್ದು ಓಡಾಡಿದ್ರೆ ನಿಮ್ಮಪ್ಪ ಬರೋದು ನಿಲ್ಸಿಬಿಡ್ತಾರೇನೋ," ಎಂದಳು. "ಇಷ್ಟು ವರ್ಷದಲ್ಲಿ ಒಂದು ಕಿತಾನೂ ಕನಸಿಗೆ ಬಂದಿರ್ಲಿಲ್ಲ ಕಣೆ ಅವರು. ಇರ್ಲಿ ಬಿಡು. ಕಂಬ ತಾನೇ. ತಗೊಂಡು ಹೋಗ್ಲಿ."

ಸುಗುಣಾಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ದುಃಖವೂ ಉಕ್ಕಿತು. "ಅವತ್ತು ಅಷ್ಟು ಜೋರಾಗಿ ಸೈರನ್ ಕೂಗಿ ಅಪ್ಪ ಹೋದ್ರು. ಈಗ ನೀನು ಸದ್ದೇ ಇಲ್ದಂಗೆ ಹೋಗ್ತೀಯಾ? ದಿನಾ ಬೆಳಿಗ್ಗೆ ನಿನ್ನ ದೀಪ ನೋಡಿ ಖುಷಿಪಟ್ಕೊಂಡು ಹೋಗ್ತಿದ್ನಲ್ಲಮ್ಮ ನಾನು! ನೀನು ಕರಗ್ತಾ ಇದ್ದೆ, ನಾನು ನಗ್ತಾ ಇದ್ದೆ!"

ಅವಳು ತಾಯಿಯ ಪಾದಕ್ಕೆ ಮುಖ ಒತ್ತಿ ಜೋರಾಗಿ ಅತ್ತಳು. ಪಾಪಮ್ಮ ಅವಳ ತಲೆ ಮುಟ್ಟಲು ಮಲಗಿದಲ್ಲಿಂದಲೇ ಕೈ ಚಾಚಿದಳು, ಎಟುಕಲಿಲ್ಲ. ಎದ್ದು ಕೂತಳು, ಆಗಲೂ ಎಟುಕಲಿಲ್ಲ.

"ಹಿಡ್ಕೊಳ್ಳೆ ನನ್ನ," ಎಂದಳು. "ಬಿಗಿಯಾಗಿ ಹಿಡ್ಕೋ. ನಿಂತ್ಕೋತೀನಿ."

ಊರಿಗೆ ಹೇಳುವ ಕೆಲಸ ಇನ್ನೂ ಇತ್ತು. ಚಾಪೆಯ ಅಳತೆ ಬದಲಿಸಲು ರಾಜಧಾನಿಯಲ್ಲಿ ಸಮಿತಿ ಕೂರಬೇಕು, ಹೊಸದಾಗಿ ಪರೀಕ್ಷೆಯಾಗಬೇಕು. ಅಲ್ಲಿಯವರೆಗೂ ಕೆಂಪು ಕೆಂಪೇ, ಹಸಿರು ಹಸಿರೇ. ಆದ್ದರಿಂದ ಸುಗುಣಾ ಬೀದಿಗೆ ಇಳಿದಳು. ಮುಂದೆ ಜಯಂತಿ ಅಪ್ಪನ ತಮಟೆ ಕಟ್ಟಿಕೊಂಡು ಬಾರಿಸುತ್ತ ನಡೆದಳು. ಕೆಳಬೀದಿಯಲ್ಲಿ ಹೆಂಗಸು ತಮಟೆ ಹಿಡಿದದ್ದು ಅದೇ ಮೊದಲು, ಅದನ್ನು ನೋಡಲೆಂದೇ ಅರ್ಧ ಊರು ಬಾಗಿಲಿಗೆ ಬಂತು.

"ಕೆಂಪು ಬಂದೋರು ಎದ್ದು ಓಡಾಡ್ರಪ್ಪೋ! ಹಸಿರು ಬಂದೋರು ಹುಷಾರು! ಗೋಡೆ ಹಿಡ್ಕೊಂಡು ನಿಲ್ರಪ್ಪೋ!"

ಜನ ಬೈದರು. ನಿನ್ನೆ ಹಾಗೆ, ಇವತ್ತು ಹೀಗೆ, ನಾಳೆ ಇನ್ನೇನು ಎಂದರು. ಬೈಯುವುದು ನ್ಯಾಯವೇ ಆಗಿತ್ತು, ಸುಗುಣಾ ತಲೆತಗ್ಗಿಸಿ ಬೈಸಿಕೊಂಡಳು. ಹೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕೊನೆಗೆ ಜನರನ್ನು ಒಪ್ಪಿಸಿದ್ದು ಆಸ್ಪತ್ರೆಯಿಂದ ಪಿಳ್ಳಪ್ಪ ಫೋನಿನಲ್ಲಿ ಕಳಿಸಿದ ಮಾತು. ಮೂಳೆಗೆ ರಾಡು ಹಾಕಿಸಿಕೊಂಡು ಮಲಗಿದ್ದ ಅವನು, "ನನ್ನ ಮಲಗ್ಸಿ ಮುರಿದ್ರು, ನೀವಾದ್ರೂ ಏಳ್ರಪ್ಪ," ಎಂದಿದ್ದ.

ಅಂದಿನಿಂದ ಹೊನ್ನಕುಪ್ಪದಲ್ಲಿ ಬೆಳಿಗ್ಗೆ ಸಂಜೆ ಒಂದು ವಿಚಿತ್ರ ನೋಟ. ಬೀದಿಯ ಉದ್ದಕ್ಕೂ ಬಾಗಿಲು ಬಾಗಿಲಿಗೂ ಮುದುಕ ಮುದುಕಿಯರು ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದರು. ಜಯಂತಿ ಒಂದು ಪೆಟ್ಟು ಕೊಟ್ಟರೆ ಎಲ್ಲರ ಹಿಮ್ಮಡಿ ಮೇಲೆ, ಇನ್ನೊಂದು ಪೆಟ್ಟಿಗೆ ಮೆಲ್ಲಗೆ ಕೆಳಗೆ. ಧಿಂ ಎಂದು ಬೀದಿಯೆಲ್ಲ ಒಂದೇ ಸಲ ಅದುರುತ್ತಿತ್ತು. ಬೆಳಗಿನ ಬಿಸಿಲು ಏರದ ಹೊತ್ತಿನಲ್ಲಿ, ತೆಳು ಮಂಜಿನಲ್ಲಿ, ಊರೇ ನಿದ್ದೆಯಲ್ಲಿ ಮೆಟ್ಟಿಲು ಹತ್ತುತ್ತಿರುವಂತೆ ಕಾಣುತ್ತಿತ್ತು.

ಒಂದೊಂದೇ ಮನೆಯಲ್ಲಿ ಸೈರನ್ ಕೂಗತೊಡಗಿತು. ಮೊದಲು ಬೆಚ್ಚಿದವರು ಆಮೇಲೆ ನಗತೊಡಗಿದರು. ಹೆಂಗಸರು ನೀರಿನ ನಲ್ಲಿಯ ಬಳಿ, "ನಿಮ್ಮನೇಲಿ ಕೂಗ್ತಾ?" ಎಂದು ವಿಚಾರಿಸಿಕೊಳ್ಳುತ್ತಿದ್ದರು. ಕೂಗಿದ ಮನೆಯವರು ಸಕ್ಕರೆ ಹಂಚಿದರು.

ಪಾಪಮ್ಮನ ಚಾಪೆ ಮಾತ್ರ ಕೂಗಲಿಲ್ಲ. ಅವಳು ಮಗಳ ತೋಳು ಹಿಡಿದು ನಿಲ್ಲುತ್ತಿದ್ದಳು, ಹಿಮ್ಮಡಿ ಎತ್ತುತ್ತಿದ್ದಳು, ಬೆವರಿ ಕೂರುತ್ತಿದ್ದಳು. ದೀಪ ಹಸಿರು. ಮಳೆ ಬಂದು ಹೋಯಿತು, ದಿಬ್ಬದ ಮೇಲೆ ಹುಲ್ಲು ಎದ್ದಿತು, ದೀಪ ಹಸಿರು. ಸುಗುಣಾ ಆ ಬಣ್ಣವನ್ನೇ ದ್ವೇಷಿಸತೊಡಗಿದಳು. ಸೊಪ್ಪಿನವಳು ಬಾಗಿಲಿಗೆ ಬಂದರೂ ಮುಖ ತಿರುಗಿಸುತ್ತಿದ್ದಳು.

"ಕನಸು ಬೀಳ್ತದೇನಮ್ಮ?" ಎಂದು ಒಮ್ಮೆ ಕೇಳಿದಳು.

"ಇಲ್ಲ. ಎದ್ದು ನಿಂತ ದಿನದಿಂದ ಬರ್ತಾ ಇಲ್ಲ ಅವರು," ಎಂದಳು ಪಾಪಮ್ಮ. ಅವಳ ದನಿಯಲ್ಲಿ ದೂರು ಇರಲಿಲ್ಲ, ಆದರೆ ಸುಗುಣಾಳಿಗೆ ಅಪ್ಪನನ್ನು ಎರಡನೇ ಸಲ ಕಳೆದಂತೆ ಚುಚ್ಚಿತು.

ಅದು ಭಾನುವಾರ. ಮಧ್ಯಾಹ್ನ ಉಂಡು ಪಾಪಮ್ಮ ಚಾಪೆಯ ಮೇಲೆ ಒರಗಿದ್ದಳು. ಸುಗುಣಾ ಹೊಸ್ತಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬೀದಿ ತೂಕಡಿಸುತ್ತಿತ್ತು.

ಸೈರನ್ ಕೂಗಿತು.

ಸುಗುಣಾಳಿಗೆ ಒಂದು ಗಳಿಗೆ ತಾನು ಮೂರನೇ ಕ್ಲಾಸಿನಲ್ಲಿದ್ದೇನೆ ಅನ್ನಿಸಿತು. ಹುಣಸೆಹಣ್ಣು ಚೆಲ್ಲಿ ಎದ್ದಳು, ಓಡಲು ಬೀದಿಗೆ ತಿರುಗಿದಳು, ಆಮೇಲೆ ಒಳಗೆ ತಿರುಗಿದಳು. ಗೋಡೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಚಾಪೆಯ ಮೇಲೆ ಪಾಪಮ್ಮ ಕಣ್ಣು ಬಿಟ್ಟು, ಎಲ್ಲಿಂದಲೋ ಬಂದವಳ ಹಾಗೆ ಕೂತಿದ್ದಳು.

"ಬಂದಿದ್ರು ಕಣೆ," ಎಂದಳು. "ಎಲ್ಲಾ ಕಂಬ ವಾಪಸ್ ಹೊತ್ಕೊಂಡು ಬಂದಿದ್ರು. ಧಡ್ ಧಡ್ ಅಂತ ಹೊಡೀತಾ ಇದ್ರು. ಮೈಯೆಲ್ಲ ಬೆವರು. ಕೆಲ್ಸ ಜಾಸ್ತಿ ಐತೆ ಅಂತ ನನ್ನ ಹತ್ರ ಮಾತೂ ಆಡ್ಲಿಲ್ಲ. ಅವಾಗೂ ಅಂಗೇ ಅಲ್ವಾ ಅವರು, ಕೆಲ್ಸ ಇದ್ರೆ ಯಾರ ಮಾತೂ ಬೇಡ."

ಸುಗುಣಾ ಸೈರನ್ ನಿಲ್ಲಿಸಲು ಗುಂಡಿಗೆ ಕೈ ಹಾಕಿದಳು.

"ಬೇಡ, ಬಿಡು," ಎಂದಳು ಪಾಪಮ್ಮ. "ಕೂಗ್ಲಿ."

ಅದು ಕೂಗಿತು. ಕೆಳಬೀದಿಯ ಹೆಂಗಸರೆಲ್ಲ, ಉಣ್ಣುತ್ತಿದ್ದವರು, ಮಲಗಿದ್ದವರು, ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡ ಜಯಂತಿ, ಎಲ್ಲರೂ ಬರಿಗಾಲಲ್ಲಿ ಓಡಿ ಬಂದರು. ಅಂಗಳ ತುಂಬಿತು. ಕೆಲವರು ಆಗಲೇ ಅಳುತ್ತಿದ್ದರು.

ಪಾಪಮ್ಮ ಎದ್ದಳು. ಸುಗುಣಾ ಚಾಚಿದ ತೋಳನ್ನು ಹಿಡಿದುಕೊಳ್ಳಲಿಲ್ಲ. ನಿಧಾನವಾಗಿ, ತನ್ನ ಎರಡು ಕಾಲ ಮೇಲೆ, ಅಡುಗೆಮನೆಗೆ ನಡೆದು ಹೋಗಿ ಅಷ್ಟೂ ಜನಕ್ಕೆ ಕಾಫಿಗೆ ನೀರಿಟ್ಟಳು.